ದಿಕ್ಸೂಚಿಯ ಮುಳ್ಳು ವಾಲಿದ ಕಡೆಯೆಲ್ಲ ಅದಿರು ಇರುತ್ತದೆಯೇ?

ನೆಲದ ಕಾಂತಬಲವನ್ನು ಅಳೆದು ಬಣ್ಣದಲ್ಲಿ ತೋರಿಸುವ ಕಾಂತ ನಕ್ಷೆಯಲ್ಲಿ ಕೆಂಪಾಗಿ ಕಂಡ ಜಾಗದಲ್ಲಿ ಕಬ್ಬಿಣದ ಅದಿರು ಗ್ಯಾರಂಟಿ ಅನ್ನುವವರಿದ್ದಾರೆ. ಅಂಥ ಕಡೆ ಕೊರೆದು ಬರಿಗೈಲಿ ಬಂದವರೂ ಇದ್ದಾರೆ. ಇದು ಇಂದು ನಿನ್ನೆಯ ಜಗಳವಲ್ಲ.

ಸ್ವೀಡನ್‌ನ ಗಣಿಗಾರರು 17ನೇ ಶತಮಾನದಲ್ಲೇ ದಿಕ್ಸೂಚಿ ಹಿಡಿದು ಅದಿರು ಹುಡುಕುತ್ತಿದ್ದರು. ಮುಳ್ಳು ಉತ್ತರ ಬಿಟ್ಟು ಬೇರೆ ಕಡೆ ವಾಲಿದರೆ ಅಲ್ಲಿ ಅಗೆಯುವುದು, ಅಷ್ಟೇ ಲೆಕ್ಕ. 1879ರಲ್ಲಿ ಅದೇ ದೇಶದ ರಾಬರ್ಟ್ ಥಾಲೆನ್ ಈ ವಾಲುವಿಕೆಯನ್ನು ಅಳೆದು ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು.

ನಿಜವಾದ ಪರೀಕ್ಷೆ ನಡೆದದ್ದು ರಷ್ಯಾದ ಕೂರ್ಸ್ಕ್‌ನಲ್ಲಿ. ಅಲ್ಲಿ ದಿಕ್ಸೂಚಿ ದಾರಿ ತಪ್ಪುತ್ತದೆ ಎಂಬುದು 18ನೇ ಶತಮಾನದಲ್ಲೇ ಗೊತ್ತಾಗಿತ್ತು. 1890ರ ದಶಕದಲ್ಲಿ ಮಾಸ್ಕೋದ ಪ್ರೊಫೆಸರ್ ಅರ್ನ್ಸ್ಟ್ ಲೈಸ್ಟ್ ಅಳತೆಗೆ ಇಳಿದರು. ಕೆಳಗೆ ಅದಿರಿದೆ ಎಂದರು. ಸ್ಥಳೀಯ ಆಡಳಿತ ದುಡ್ಡು ಹಾಕಿ ಕೊರೆಸಿತು. ಅದಿರು ಸಿಗಲಿಲ್ಲ. ಎಲ್ಲರೂ ಕೈಬಿಟ್ಟರು, ಲೈಸ್ಟ್ ಬಿಡಲಿಲ್ಲ. ಎಷ್ಟೋ ಬೇಸಿಗೆ ತಮ್ಮ ಖರ್ಚಿನಲ್ಲೇ ಅಳೆಯುತ್ತಾ ಹೋದರು, 1918ರಲ್ಲಿ ತೀರಿಕೊಂಡರು. ಕ್ರಾಂತಿಯ ನಂತರ ಬಂದ ಸೋವಿಯತ್ ಸರ್ಕಾರ ಮತ್ತೆ ಮೊದಲಿನಿಂದ ಸರ್ವೆ ಮಾಡಿಸಿತು. 1923ರಲ್ಲಿ ಅದೇ ಪ್ರದೇಶದ ಶಿಗ್ರಿ ಹತ್ತಿರ, ಸುಮಾರು 160 ಮೀಟರ್ ಆಳದಲ್ಲಿ, ಕಬ್ಬಿಣದ ಕಲ್ಲು ಕೊನೆಗೂ ಸಿಕ್ಕಿತು. ಆದರೆ ಅದು ಕಬ್ಬಿಣ ಕಡಿಮೆ ಇರುವ ಕ್ವಾರ್ಟ್ಸೈಟ್ ಎಂಬ ಗಟ್ಟಿ ಕಲ್ಲು. ಒಳ್ಳೆಯ ಅದಿರಿಗೆ 1930ರ ದಶಕದವರೆಗೆ ಕಾಯಬೇಕಾಯಿತು.

ಆಮೇಲಿನದು ಬೇಗ ಮುಗಿಯುವ ಕಥೆ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಹುಡುಕಲು ಬಳಸಿದ, ಕಾಂತಕ್ಷೇತ್ರ ಅಳೆಯುವ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರ್ ಯುದ್ಧ ಮುಗಿದ ಮೇಲೆ ಗಣಿ ಕೆಲಸಕ್ಕೆ ಬಂತು, 1950ರ ದಶಕದಲ್ಲಿ ಪ್ರೋಟಾನ್ ಮ್ಯಾಗ್ನೆಟೋಮೀಟರ್, ಈಗ ಅದನ್ನು ಹೊತ್ತು ಹಾರುವ ಡ್ರೋನ್. ಕೆನಡಾದ ಮಾರ್ಮೋರಾದಲ್ಲಿ ಸುಣ್ಣಕಲ್ಲಿನ ಅಡಿ ಹುದುಗಿದ್ದ ಅದಿರನ್ನು 1949ರಲ್ಲಿ ಪತ್ತೆ ಮಾಡಿದ್ದು ವಿಮಾನದ ಸರ್ವೆಯೇ.

ಉಪಕರಣ ಎಷ್ಟೇ ಚುರುಕಾದರೂ ಅದಕ್ಕೆ ಕಾಣುವುದು ಮುಖ್ಯವಾಗಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ, ಎಲ್ಲ ಕಬ್ಬಿಣವಲ್ಲ. ಶುದ್ಧ ಮ್ಯಾಗ್ನೆಟೈಟ್‌ನಲ್ಲಿ ಶೇಕಡಾ 72ರಷ್ಟು ಕಬ್ಬಿಣ, ಕಬ್ಬಿಣದ ಇನ್ನೊಂದು ಖನಿಜವಾದ ಹೆಮಟೈಟ್‌ನಲ್ಲಿ ಶೇಕಡಾ 70. ವ್ಯತ್ಯಾಸ ಏನೂ ಜಾಸ್ತಿ ಇಲ್ಲ ಅಲ್ವಾ? ಆದರೆ ಹೆಮಟೈಟ್‌ನ ಕಾಂತಗುಣ ತೀರಾ ದುರ್ಬಲ. ತಮಾಷೆ ನೋಡಿ: ಮ್ಯಾಗ್ನೆಟೈಟ್ ಇರುವ ಕಲ್ಲು ನೀರು ಗಾಳಿಗೆ ಸವೆದು ಸಿಲಿಕಾ (ಮರಳಿನ ಅಂಶ) ಕಳೆದುಕೊಂಡಾಗ ಒಳ್ಳೆಯ ಅದಿರಾಗುತ್ತದೆ, ಅದರ ಮ್ಯಾಗ್ನೆಟೈಟ್ ಹೆಮಟೈಟ್ ಆಗುತ್ತದೆ. ಅಂದರೆ ಅದಿರಿನ ದರ್ಜೆ ಏರಿದಲ್ಲೇ ನಕ್ಷೆ ಮಂಕಾಗಬಹುದು. ಇನ್ನು ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಕಾಂತ ಸಮಭಾಜಕದ ಹತ್ತಿರ, ಅದಿರಿನ ನೆತ್ತಿಯ ಮೇಲೆ ರೀಡಿಂಗ್ ಏರುವ ಬದಲು ಇಳಿಯುವುದೇ ಸಾಮಾನ್ಯ.

ಇದೆಲ್ಲ ಭೂಭೌತ ತಜ್ಞರಿಗೆ ಗೊತ್ತಿಲ್ಲದ್ದಲ್ಲ. ಅವರ ವರದಿಯಲ್ಲಿ "ಆಗಿರಬಹುದು" ಎಂದಿದ್ದದ್ದು ದುಡ್ಡು ಹಾಕುವವರ ಮೇಜು ತಲುಪುವಷ್ಟರಲ್ಲಿ "ಇದೆ" ಆಗಿರುತ್ತದೆ. ಗುರುತ್ವದ ಅಳತೆಯನ್ನೂ ಜೊತೆಗಿಟ್ಟು ನೋಡಿದರೆ ಹೆಮಟೈಟ್ ತನ್ನ ತೂಕದಿಂದ ಸುಳಿವು ಕೊಡುತ್ತದೆ. ಅದಕ್ಕೆ ಸ್ವಲ್ಪ ಜಾಸ್ತಿ ಸಮಯ ಬೇಕು, ಖರ್ಚೂ ಇದೆ. ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.