ಮಾತ್ರೆಗೆ ಹರಳು ಕದಲದು

"ಎಂಟು ತಿಂಗಳಿಂದ ತಲೆಸುತ್ತಿನ ಮಾತ್ರೆ ನುಂಗ್ತಾ ಇದ್ದೀನಿ ಡಾಕ್ಟ್ರೇ, ಒಂದು ದಿನವೂ ತಪ್ಪಿಸಿಲ್ಲ." ಹಿರಿಯ ಹೆಂಗಸೊಬ್ಬರು ಹೀಗೆಂದಾಗ ನನಗೆ ಸಂಕಟವಾಯಿತು. ಹೊರಳಿದರೆ ತಲೆ ಸುತ್ತೀತೆಂದು ಆ ಎಂಟು ತಿಂಗಳೂ ಅವರು ಬಲ ಮಗ್ಗುಲಿಗೆ ಹೊರಳಿರಲಿಲ್ಲ. ಮೂರು ದಿಂಬು ಒಟ್ಟಿಕೊಂಡು ಅರೆಕೂತೇ ನಿದ್ದೆ ಮಾಡುತ್ತಿದ್ದರು.

ಇಂಥ ತಲೆಸುತ್ತಿನ ಮೂಲ ಕಿವಿಯೊಳಗಿದೆ. ಒಳಗಿವಿಯ ಪುಟ್ಟ ಚೀಲವೊಂದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುತ್ತವೆ. ಅವು ಕಳಚಿ, ತಲೆ ತಿರುಗುವುದನ್ನು ಗ್ರಹಿಸುವ ಪಕ್ಕದ ಅರೆವೃತ್ತ ನಾಳಗಳಲ್ಲೊಂದಕ್ಕೆ ಬಿದ್ದರೆ, ತಲೆ ಹೊರಳಿದಾಗಲೆಲ್ಲ ಜಾರುತ್ತ ಅಲ್ಲಿನ ದ್ರವವನ್ನೂ ಎಳೆಯುತ್ತವೆ. ತಲೆ ನಿಂತರೂ 'ಇನ್ನೂ ತಿರುಗುತ್ತಿದೆ' ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಮಾತ್ರೆ ಆ ಸುದ್ದಿಯ ಗದ್ದಲವನ್ನು ತಗ್ಗಿಸುತ್ತದೆ, ಅಷ್ಟೇ. ವಾಕರಿಕೆ ಜೋರಿದ್ದರೆ ಒಂದೆರಡು ದಿನಕ್ಕೆ ನಾನೂ ಬರೆದುಕೊಡುತ್ತೇನೆ. ಹರಳು ಮಾತ್ರ ಇದ್ದಲ್ಲೇ ಇರುತ್ತದೆ. ದಿನಕ್ಕೆ ಮೂರು ನುಂಗಿದರೂ ಇದ್ದಲ್ಲೇ. ವಯಸ್ಸಾದವರಿಗೆ ಮಂಪರು ಹತ್ತಿ ಬೀಳುವ ಭಯ ಬೇರೆ. ಎಷ್ಟೋ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ತಪ್ಪು ನಂಬಿಕೆ ಬೇರೂರುವುದು ಹೀಗೆ.

ಅವರ ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿದೆ. ಹರಳು ಯಾವ ಕಿವಿಯಲ್ಲಿ ಜಾರಿದೆ ಎಂದು ತಿಳಿಯಲು ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಕೆಳಗಿನ ಕಿವಿಯತ್ತ ಸುರುಳಿ ಸುತ್ತುತ್ತ ಮಿಡಿಯತೊಡಗಿದವು. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಬಿಟ್ಟರು. "ಬಿಡಿ ಅಮ್ಮಾ, ಕಣ್ಣು ಬಿಡಿ, ನಾನು ನೋಡಬೇಕಾದ್ದು ಅಲ್ಲೇ ಇದೆ" ಎಂದೆ. ಎಲ್ಲರೂ ಹೀಗೆಯೇ ಮುಚ್ಚುತ್ತಾರೆ, ಪಾಪ. ಅರ್ಧ ನಿಮಿಷದೊಳಗೆ ಮಿಡಿತ ನಿಂತಿತು. ಹಾಗೆಯೇ ತಲೆಯನ್ನು ಎಡಕ್ಕೆ ತಿರುಗಿಸಿ, ಮೈಯನ್ನೂ ಎಡಕ್ಕೆ ಹೊರಳಿಸಿ, ಮುಖ ನೆಲ ನೋಡುವಂತೆ ಮಾಡಿ, ಎಬ್ಬಿಸಿ ಕೂರಿಸಿದೆ. 1992ರಲ್ಲಿ ಎಪ್ಲಿ ಎಂಬ ವೈದ್ಯರು ಪ್ರಕಟಿಸಿದ ಈ ಕ್ರಮದಲ್ಲಿ ಹರಳು ತನ್ನ ಭಾರಕ್ಕೆ ತಾನೇ ಜಾರಿ ಚೀಲಕ್ಕೆ ಮರಳುತ್ತದೆ. ಮತ್ತೆ ಮಲಗಿಸಿ ನೋಡಿದೆ, ಕಣ್ಣು ಕದಲಲಿಲ್ಲ. "ಇವತ್ತು ಬಲಕ್ಕೆ ಮಲಗಬಹುದಾ?" ಎಂದು ಕೇಳಿದರು. ಧಾರಾಳವಾಗಿ ಎಂದೆ.

ಎಲ್ಲರಿಗೂ ಒಂದೇ ಸಲಕ್ಕೆ ಗುಣವಾಗುವುದಿಲ್ಲ, ಮರುಕಳಿಸುವುದೂ ಉಂಟು. ಹರಳು ಬೇರೆ ನಾಳದಲ್ಲಿದ್ದರೆ ಕ್ರಮವೂ ಬೇರೆ. ಆದ್ದರಿಂದ ಯಾವ ಕಿವಿ ಎಂದು ತಿಳಿಯದೆ ವಿಡಿಯೊ ನೋಡಿಕೊಂಡು ಮಾಡಬೇಡಿ. ಕತ್ತಿನ ತೊಂದರೆ ಇದ್ದರೆ ಮೊದಲೇ ಹೇಳಿ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಡೆಯಲೇ ಆಗದಿದ್ದರೆ ಹರಳಿನ ಯೋಚನೆ ಬಿಟ್ಟು ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಿ.