ತೂತು ಇನ್ನೂ ಚಿಕ್ಕದು ಮಾಡಿದರೆ ಫೋಟೋ ಶಾರ್ಪ್ ಆಗುತ್ತಾ?

ಪ್ರಶ್ನೆ: ಹಾಲಿನ ಪುಡಿ ಡಬ್ಬದಲ್ಲಿ ಪಿನ್‌ಹೋಲ್ ಕ್ಯಾಮೆರಾ ಮಾಡಿದೆ. ಅತ್ತೆಯನ್ನೂ ಮಗಳನ್ನೂ ಜಗಲಿಯಲ್ಲಿ ಕೂರಿಸಿ ಫೋಟೋ ತೆಗೆದೆ. ಏನೋ ಬಂದಿದೆ, ಆದರೆ ಎಲ್ಲಾ ಮಂಜು ಮಂಜು. ತೂತು ಇನ್ನೂ ಚಿಕ್ಕದು ಮಾಡಿದರೆ ಶಾರ್ಪ್ ಆಗುತ್ತಾ? ಎಷ್ಟು ಸಣ್ಣ ಸೂಜಿ ತರಬೇಕು?

ಉತ್ತರ: ಆಗುವುದಿಲ್ಲ. ಹೊಸ ಸೂಜಿ ತರಬೇಡಿ.

ಡಬ್ಬ ಬದಲಾಗುತ್ತದೆ, ಫೋಟೋದಲ್ಲಿ ಕೂತವರು ಬದಲಾಗುತ್ತಾರೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಕೇಳುವವರ ತಪ್ಪಲ್ಲ ಬಿಡಿ. ಶಾಲೆಯಲ್ಲಿ ಸೂಜಿರಂಧ್ರ ಕ್ಯಾಮೆರಾದ ಪಾಠ ಮಾಡುವಾಗ ಮೇಷ್ಟ್ರು ಒಂದು ಮಾತು ಹೇಳಿರುತ್ತಾರೆ: ರಂಧ್ರ ದೊಡ್ಡದಾದರೆ ಬಿಂಬ ಮಸುಕಾಗುತ್ತದೆ. ಮಾತು ಸರಿಯೇ. ನಾವು ಅದನ್ನು ತಿರುಗಿಸಿ, ರಂಧ್ರ ಚಿಕ್ಕದಾದಷ್ಟೂ ಬಿಂಬ ಸ್ಪಷ್ಟವಾಗುತ್ತದೆ ಎಂದು ಬರೆದೆವು. ಅದಕ್ಕೆ ಅಂಕವೂ ಬಂತು. ಅಂಕ ಬಂದ ಮೇಲೆ ಯಾರು ತಾನೇ ಅನುಮಾನಪಡುತ್ತಾರೆ?

ಒಂದು ಲೆಕ್ಕ ಹಾಕೋಣ. ನಿಮ್ಮ ಡಬ್ಬದಲ್ಲಿ ತೂತಿನಿಂದ ಫೋಟೋ ಕಾಗದಕ್ಕೆ ಸುಮಾರು 100 ಮಿ.ಮೀ. ದೂರ ಇರುತ್ತದೆ. ತೂತು 1 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. ಅತ್ತೆಯ ಮೂಗುತಿಯಿಂದ ಹೊರಟ ಬೆಳಕು ಆ ಇಡೀ ತೂತಿನ ಮೂಲಕ ಒಳಗೆ ಬರುತ್ತದೆ. ಹಾಗಾಗಿ ಕಾಗದದ ಮೇಲೆ 1 ಮಿ.ಮೀ.ಗಿಂತ ಚೂರು ಜಾಸ್ತಿ ಅಗಲದ ಚುಕ್ಕೆಯಾಗಿ ಬೀಳುತ್ತದೆ. ಪಕ್ಕದ ಚುಕ್ಕೆ ಇದರ ಮೇಲೆ, ಅದರ ಪಕ್ಕದ್ದು ಅದರ ಮೇಲೆ. ಎಲ್ಲಾ ಕಲಸಿಹೋಗಿ ಮಸುಕು. ಇಲ್ಲಿಯವರೆಗೆ ಮೇಷ್ಟ್ರ ಮಾತೇ ಗೆದ್ದಿತು.

ಈಗ ತೂತನ್ನು 0.1 ಮಿ.ಮೀ.ಗೆ ಇಳಿಸಿ. ಚುಕ್ಕೆಯೂ 0.1 ಮಿ.ಮೀ.ಗೆ ಇಳಿಯಬೇಕಿತ್ತು, ಅಲ್ವಾ? ಇಳಿಯುವುದಿಲ್ಲ. ಸುಮಾರು 1.3 ಮಿ.ಮೀ. ಆಗುತ್ತದೆ! ಹತ್ತು ಪಟ್ಟು ದೊಡ್ಡ ತೂತಿಗಿಂತ ಇದೇ ಜಾಸ್ತಿ ಮಸುಕು.

ಬೆಳಕು ನೆಟ್ಟಗೆ ಹೋಗುತ್ತದೆ ಎಂದು ಕಲಿತಿದ್ದೇವೆ. ದೊಡ್ಡ ಕಿಟಕಿಯ ಮಟ್ಟಿಗೆ ಅದು ನಿಜ. ತೀರಾ ಇಕ್ಕಟ್ಟಾದ ಜಾಗದಲ್ಲಿ ನುಸುಳುವಾಗ ಬೆಳಕು ಆಚೀಚೆ ಹರಡುತ್ತದೆ. ಜಾಗ ಇಕ್ಕಟ್ಟಾದಷ್ಟೂ ಹರಡುವುದು ಜಾಸ್ತಿ. ಪಠ್ಯಪುಸ್ತಕದಲ್ಲಿ ಇದಕ್ಕೆ ವಿವರ್ತನೆ ಎನ್ನುತ್ತಾರೆ. ನಂಬಿಕೆ ಬರದಿದ್ದರೆ ರಾತ್ರಿ ಛತ್ರಿ ಬಿಡಿಸಿ, ಅದರ ಬಟ್ಟೆಯ ಮೂಲಕ ದೂರದ ಬೀದಿದೀಪ ನೋಡಿ. ದೀಪ ಒಂದೇ ಚುಕ್ಕೆಯಾಗಿ ಕಾಣುವುದಿಲ್ಲ. ಅಡ್ಡಕ್ಕೂ ಉದ್ದಕ್ಕೂ ಸಾಲಾಗಿ ಚುಕ್ಕೆಗಳು ಚೆಲ್ಲಿರುತ್ತವೆ. ನೂಲಿನ ಸಂದುಗಳಲ್ಲಿ ನುಸುಳಿದ ಬೆಳಕು ಹಾಗೆ ಹರಡಿದೆ. ನಮ್ಮ ಸಿ.ವಿ. ರಾಮನ್ ಅವರ ಮೊದಲ ಸಂಶೋಧನಾ ಲೇಖನವೂ ಇದೇ ಜಾತಿಯ ವಿಷಯದ ಮೇಲೆ. ಆಯತಾಕಾರದ ಕಿಂಡಿಯಲ್ಲಿ ಬೆಳಕು ಹಾದಾಗ ಕಾಣುವ ಪಟ್ಟೆಗಳ ಬಗ್ಗೆ, 1906ರಲ್ಲಿ, ಮದರಾಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ಬರೆದರು. ಬೆಂಗಳೂರಿಗೆ ಬಂದದ್ದು ಎಷ್ಟೋ ಆಮೇಲೆ.

ಅಂದರೆ ಇಲ್ಲಿ ಎರಡು ಮಸುಕುಗಳಿವೆ. ತೂತು ದೊಡ್ಡದಾದರೆ ಒಂದು, ಚಿಕ್ಕದಾದರೆ ಇನ್ನೊಂದು. ಎರಡೂ ಕಡಿಮೆ ಇರುವ ಒಂದು ಅಳತೆ ನಡುವೆ ಎಲ್ಲೋ ಇರುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ದೊಡ್ಡವರೇ ತಲೆ ಕೆಡಿಸಿಕೊಂಡಿದ್ದಾರೆ. ಪಿನ್‌ಹೋಲ್ ಫೋಟೋ ಬಗ್ಗೆಯೇ 1891ರಲ್ಲಿ ಒಂದು ಲೇಖನ ಬರೆದ ಲಾರ್ಡ್ ರೇಲಿಗೆ 1904ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ, ಪಿನ್‌ಹೋಲ್‌ಗಲ್ಲ.

ರೇಲಿಯ ಸೂತ್ರವನ್ನು ಅಡುಗೆಮನೆ ಮಟ್ಟಕ್ಕೆ ಇಳಿಸಿದರೆ ಹೀಗಾಗುತ್ತದೆ. ತೂತಿನಿಂದ ಕಾಗದಕ್ಕೆ ಇರುವ ದೂರವನ್ನು ಮಿ.ಮೀ.ನಲ್ಲಿ ಅಳೆಯಿರಿ, ಅದರ ವರ್ಗಮೂಲ ತೆಗೆಯಿರಿ, 0.045ರಿಂದ ಗುಣಿಸಿ. 100ರ ವರ್ಗಮೂಲ 10. ಆದ್ದರಿಂದ 0.45 ಮಿ.ಮೀ. ದೂರ 50 ಮಿ.ಮೀ. ಇದ್ದರೆ ಸುಮಾರು 0.3. 150 ಇದ್ದರೆ 0.55. ಬೇರೆ ಲೆಕ್ಕದವರು ಇದಕ್ಕಿಂತ ಸ್ವಲ್ಪ ಚಿಕ್ಕ ಅಳತೆ ಹೇಳುತ್ತಾರೆ. ಆ ಜಗಳ ನಡೆಯುತ್ತಲೇ ಇರಲಿ, 0.4ಕ್ಕೂ 0.5ಕ್ಕೂ ನಿಮ್ಮ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ. 0.1ಕ್ಕೂ 0.45ಕ್ಕೂ ಕಾಣುತ್ತದೆ.

ಇಷ್ಟು ಹೇಳಿದರೂ "ಇರಲಿ ಸರ್, ಇನ್ನೊಂಚೂರು ಸಣ್ಣ ಮಾಡಿ ನೋಡ್ತೀನಿ" ಎನ್ನುವವರು ಇದ್ದೇ ಇರುತ್ತಾರೆ. ಅವರಿಗಾಗಿ ಇನ್ನೊಂದು ಲೆಕ್ಕ. ತೂತಿನ ಅಗಲ 0.45ರಿಂದ 0.1ಕ್ಕೆ ಇಳಿದರೆ ಒಳಗೆ ಬರುವ ಬೆಳಕು ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ. ಬಿಸಿಲಿನಲ್ಲಿ ಅರ್ಧ ನಿಮಿಷ ಸಾಕಾಗುತ್ತಿದ್ದ ಕಡೆ ಹತ್ತು ನಿಮಿಷ ಬೇಕು. ಹತ್ತು ನಿಮಿಷ ಅಲ್ಲಾಡದೆ ಕೂರುವ ಮಗು ಯಾರ ಮನೆಯಲ್ಲಿದೆ? ಇದ್ದರೆ ಫೋಟೋ ಆಮೇಲೆ, ಮೊದಲು ದೃಷ್ಟಿ ತೆಗೆಯಿರಿ.

ಹಂಪಿ ನೋಡಿದವರಿಗೆ ಇದು ಬೇಗ ಅರ್ಥವಾಗಬೇಕು. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ, ಗೋಡೆಯ ಮೇಲೆ ಪೂರ್ವದ ದೊಡ್ಡ ಗೋಪುರ ತಲೆಕೆಳಗಾಗಿ ಮೂಡುತ್ತದಲ್ಲ, ಅದೂ ಪಿನ್‌ಹೋಲ್ ಕ್ಯಾಮೆರಾವೇ. ಅಲ್ಲಿನ ಕಿಂಡಿ ಸೂಜಿ ಚುಚ್ಚಿದ ತೂತಲ್ಲ, ಕಣ್ಣಿಗೆ ಎದ್ದು ಕಾಣುವಷ್ಟು ದೊಡ್ಡದು. ಆದರೂ ಗೋಪುರ ಗುರುತು ಸಿಗುತ್ತದೆ. ಗೋಡೆ ದೂರದಲ್ಲಿದೆ, ಬಿಂಬವೂ ದೊಡ್ಡದು. ಅಷ್ಟು ದೊಡ್ಡ ಬಿಂಬಕ್ಕೆ ಅಷ್ಟು ಕಿಂಡಿ ನಡೆಯುತ್ತದೆ. ತೂತು ಚಿಕ್ಕದೋ ದೊಡ್ಡದೋ ಎನ್ನುವುದನ್ನು ದೂರ ಕೇಳದೆ ಹೇಳಲು ಬರುವುದಿಲ್ಲ. ನನಗೆ ಪ್ರಶ್ನೆ ಕಳಿಸುವವರು ಡಬ್ಬದ ಬಣ್ಣ, ಬ್ರಾಂಡು ಎಲ್ಲಾ ಬರೆಯುತ್ತಾರೆ. ದೂರ ಒಂದನ್ನು ಮಾತ್ರ ಬರೆಯುವುದಿಲ್ಲ.

ಇನ್ನು ತೂತು ಮಾಡುವ ಕೆಲಸ. ಡಬ್ಬದ ದಪ್ಪ ತಗಡಿಗೇ ಚುಚ್ಚಬೇಡಿ. ತೂತು ಕೊಳವೆಯ ಹಾಗೆ ಉದ್ದವಾಗಿ, ಫೋಟೋದ ಅಂಚು ಕಪ್ಪಾಗುತ್ತದೆ. ಡಬ್ಬದಲ್ಲಿ ದೊಡ್ಡ ಕಿಂಡಿ ಕೊರೆದು, ಅದರ ಮೇಲೆ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ತುಂಡು ಅಂಟಿಸಿ. ತುಂಡನ್ನು ಹಳೇ ಪುಸ್ತಕದ ಮೇಲಿಟ್ಟು 10ನೇ ನಂಬರಿನ ಹೊಲಿಗೆ ಸೂಜಿಯ ತುದಿಯನ್ನು ಮೆಲ್ಲಗೆ ಒತ್ತಿ. ಹಿಂದೆ ಉಬ್ಬಿದ್ದನ್ನು ಸಣ್ಣ ಉಜ್ಜುಕಾಗದದಲ್ಲಿ ತಿಕ್ಕಿ. ಮತ್ತೆ ಒತ್ತಿ, ಮತ್ತೆ ತಿಕ್ಕಿ. ಆ ಸೂಜಿಯ ಮೈ ದಪ್ಪ ಸುಮಾರು 0.46 ಮಿ.ಮೀ. ಮೈ ಪೂರ್ತಿ ಹೊಕ್ಕರೆ ನಿಮ್ಮ ಡಬ್ಬಕ್ಕೆ ಬೇಕಾದ ಅಳತೆ ತಾನಾಗಿ ಬರುತ್ತದೆ. ಅಳೆದು ನೋಡಬೇಕಿದ್ದರೆ ಜೆರಾಕ್ಸ್ ಅಂಗಡಿಯಲ್ಲಿ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ತೂತಿನ ಅಡ್ಡಕ್ಕೆ 21 ಪಿಕ್ಸೆಲ್ ಬಂದರೆ 0.45 ಮಿ.ಮೀ. ಇದೆ.

ಇಷ್ಟೆಲ್ಲಾ ಓದಿದ ಮೇಲೆ ಒಂದು ಮಾತು. ನಿಮ್ಮ ಫೋಟೋ ಮಸುಕಾಗಿದ್ದಕ್ಕೆ ತೂತು ಕಾರಣ ಆಗಿರಲಿಕ್ಕೇ ಇಲ್ಲ. ಜಗಲಿಯ ನೆರಳಿನಲ್ಲಿ ತೆಗೆದಿದ್ದೀರಿ. ಫೋಟೋ ಕಾಗದ ತುಂಬಾ ನಿಧಾನ. ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಎಂದು ಹೇಳುವ ಅಳತೆ ಐಎಸ್‌ಒ, ಇದರದ್ದು ಸುಮಾರು 3ರಿಂದ 6 ಅಷ್ಟೇ. ಒಳ್ಳೇ ಬಿಸಿಲಿನಲ್ಲಿ ಅರ್ಧದಿಂದ ಒಂದು ನಿಮಿಷ, ನೆರಳಿನಲ್ಲಿ ನಾಲ್ಕೈದು ನಿಮಿಷ ಅಥವಾ ಇನ್ನೂ ಜಾಸ್ತಿ ಬೇಕು. ಅಷ್ಟು ಹೊತ್ತಿನಲ್ಲಿ ಡಬ್ಬವೇ ಅಲ್ಲಾಡಿರಬಹುದು. ಖಾಲಿ ಡಬ್ಬ ಹಗುರ, ಗಾಳಿ ಬಂದರೂ ಸಾಕು. ಮೇಲೆ ಒಂದು ಇಟ್ಟಿಗೆ ಹೇರಿ. ತೂತಿಗೆ ಅಂಟಿಸಿದ ಕಪ್ಪು ಟೇಪನ್ನು ಕೀಳುವಾಗಲೂ ಡಬ್ಬ ಜರುಗುತ್ತದೆ. ಟೇಪ್ ಸಡಿಲ ಮಾಡಿ ಕೈಯಿಂದ ಮುಚ್ಚಿಕೊಂಡಿರಿ, ಡಬ್ಬ ನೆಲೆ ನಿಂತ ಮೇಲೆ ಕೈ ತೆಗೆಯಿರಿ. ಎಲ್ಲವೂ ಒಂದೇ ಕಡೆ ಎಳೆದಂತೆ ಕಂಡರೆ ಡಬ್ಬ ಅಲ್ಲಾಡಿದೆ. ಗೋಡೆ, ಕಂಬ ಚೆನ್ನಾಗಿದ್ದು ಮನುಷ್ಯರು ಮಾತ್ರ ಮಸುಕಾಗಿದ್ದರೆ ಅವರು ಅಲ್ಲಾಡಿದ್ದಾರೆ.

ಮನುಷ್ಯರು ಅಲ್ಲಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಪಿನ್‌ಹೋಲ್ ಇಟ್ಟುಕೊಳ್ಳುವ ಮಜವೇ ಅದು. ನಮ್ಮ ಮನೆಯಲ್ಲಿ ಅಮ್ಮ ಹಜಾರದ ಬಾಗಿಲಲ್ಲಿ ಕೂತು ಅಕ್ಕಿ ಆರಿಸುವ ಒಂದು ಫೋಟೋ ಇದೆ. ಕಂಬಕ್ಕೆ ಒರಗಿದ್ದರಿಂದ ಭುಜ, ಕತ್ತು, ಮುಖದ ಒಂದು ಬದಿ ಗಟ್ಟಿಯಾಗಿ ಬಂದಿದೆ. ಕೈಗಳೇ ಇಲ್ಲ. ಮೊರದ ಮೇಲೆ ಬಿಳಿ ಹೊಗೆ ಎದ್ದ ಹಾಗಿದೆ. ಬಳೆ ಇದ್ದ ಕಡೆ ಎರಡು ಗೀರು. ನೆಗೆಟಿವ್ ಅನ್ನು ತಿರುಗಿಸಿ ಪ್ರಿಂಟ್ ಮಾಡಿದ ಮೇಲೆ ಹಣೆಯ ಕುಂಕುಮ ಕಪ್ಪಗೆ ಬಂದಿದೆ, ಯಾಕೆಂದರೆ ಈ ಕಾಗದಕ್ಕೆ ಕೆಂಪು ಕಾಣುವುದೇ ಇಲ್ಲ. ಕೆಂಪು ಬಲ್ಬಿನ ಕೆಳಗೆ ಅದನ್ನು ತೊಳೆಯಲು ಆಗುವುದೂ ಅದಕ್ಕೇ. ಅಮ್ಮನ ಪಕ್ಕ ಮೊಮ್ಮಗ ಅರ್ಧ ಹೊತ್ತು ಕೂತು ಎದ್ದು ಓಡಿದ್ದ. ಅವನ ಅಂಗಿಯ ಮೂಲಕ ಹಿಂದಿನ ಗೋಡೆಯ ಕ್ಯಾಲೆಂಡರ್ ಕಾಣುತ್ತದೆ. "ನನ್ನ ಕೈ ಎಲ್ಲೋ?" ಎಂದು ಅಮ್ಮ ಇವತ್ತಿಗೂ ಕೇಳುತ್ತಾರೆ.

ಕೆಂಪು ಬಲ್ಬ್ ಎಂದಾಗ ನೆನಪಾಯಿತು. ದೇವರ ಮನೆಯ ಜೀರೋ ಬಲ್ಬನ್ನು ಬಚ್ಚಲಿಗೆ ಹಾಕಿಕೊಂಡು ಕೆಲಸ ಮಾಡುವವರು, ಮೊದಲು ಪರೀಕ್ಷೆ ಮಾಡಿ. ಫೋಟೋ ಕಾಗದದ ತುಂಡಿನ ಮೇಲೆ ಒಂದು ನಾಣ್ಯ ಇಟ್ಟು, ಬಲ್ಬಿನ ಬೆಳಕಿನಲ್ಲಿ ಐದು ನಿಮಿಷ ಬಿಟ್ಟು, ಡೆವಲಪರ್‌ನಲ್ಲಿ, ಅಂದರೆ ಚಿತ್ರ ಮೂಡಿಸುವ ರಾಸಾಯನಿಕದಲ್ಲಿ, ಅದ್ದಿ. ನಾಣ್ಯದ ಗುಂಡು ಗುರುತು ಬಿಳಿಯಾಗಿ ಉಳಿದು ಸುತ್ತಲೂ ಬೂದು ಬಣ್ಣ ಬಂದರೆ ಆ ಬಲ್ಬ್ ಕೆಲಸಕ್ಕೆ ಬಾರದು.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ತೂತು ಗುಂಡಗೇ ಇರಬೇಕಾ? ಡಬ್ಬದಲ್ಲಿ ಗುಂಡಗಿದ್ದರೆ ಒಳ್ಳೆಯದು, ಅಂಚು ನುಣುಪಾಗಿರಬೇಕು. ಆದರೆ ದೂರ ಜಾಸ್ತಿಯಾದಂತೆ ಆಕಾರ ಲೆಕ್ಕಕ್ಕೇ ಬರುವುದಿಲ್ಲ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ನೆಲ ನೋಡಿ. ಎಲೆಗಳ ನಡುವಿನ ಸಂದು ಒಂದೂ ಗುಂಡಗಿಲ್ಲ. ಮೂರು ಮೂಲೆಯದು, ಸೊಟ್ಟದ್ದು, ಸೀಳು, ಎಲ್ಲಾ ಇವೆ. ನೆಲದ ಮೇಲಿನ ಬಿಸಿಲಿನ ಚುಕ್ಕೆಗಳು ಮಾತ್ರ ಹೆಚ್ಚಿನವು ಗುಂಡಗೇ ಇರುತ್ತವೆ. ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. ಇದನ್ನು ಬಾಯಿಮಾತಿನಲ್ಲಿ ನಂಬದವರೂ ಗ್ರಹಣದ ದಿನ ನಂಬುತ್ತಾರೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ ಆಯಿತಲ್ಲ, ಆಗ ಮರದ ಕೆಳಗೆ ನೆಲದ ತುಂಬಾ ಬಳೆಗಳು. ಬೆಂಗಳೂರಿನಲ್ಲಿ ಸೂರ್ಯ ಕುಡುಗೋಲಿನ ಆಕಾರಕ್ಕೆ ಬಂದಿದ್ದ, ಅಲ್ಲಿನ ಚುಕ್ಕೆಗಳೂ ಕುಡುಗೋಲು. ಅಡುಗೆಮನೆಯ ಜಾಲರಿ ಸೌಟು ಹಿಡಿದರೂ ಸಾಕು, ತೂತಿಗೊಂದು ಸೂರ್ಯ.

ಇಲ್ಲಿ ಮಾತ್ರ ನಾನು ಸ್ವಲ್ಪ ಗದರುತ್ತೇನೆ. ಸೌಟನ್ನು ಬಿಸಿಲಿಗೆ ಹಿಡಿದು ನೆಲ ನೋಡಬೇಕು. ಬೆನ್ನು ಸೂರ್ಯನ ಕಡೆ ಇರಬೇಕು. ತೂತಿನೊಳಗಿಂದ ಸೂರ್ಯನನ್ನೇ ನೋಡಬಾರದು. ತೂತು ಎಷ್ಟೇ ಚಿಕ್ಕದಿದ್ದರೂ ಅದು ಕಣ್ಣಿಗೆ ರಕ್ಷಣೆ ಅಲ್ಲ. 2027ರ ಆಗಸ್ಟ್ 2ರಂದು ಮಧ್ಯಾಹ್ನದ ಮೇಲೆ ನಮ್ಮಲ್ಲೂ ಭಾಗಶಃ ಸೂರ್ಯಗ್ರಹಣ ಇದೆ. ಮಕ್ಕಳ ಕೈಗೆ ಸೌಟು ಕೊಡುವ ಮೊದಲು ಯಾವ ಕಡೆ ತಿರುಗಿ ನಿಲ್ಲಬೇಕು ಎಂದು ತೋರಿಸಿಕೊಡಿ. ಮಳೆಗಾಲ ಬೇರೆ. ಕರಾವಳಿ, ಮಲೆನಾಡಿನವರು ಮೋಡದ ಜೊತೆ ಈಗಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.