ಎಸ್‌ಪಿಎಫ್ 30ರಲ್ಲಿ ಆ 30 ಏನು? ಬಿಸಿಲು, ಟ್ಯಾನ್, ಚರ್ಮದ ಕ್ಯಾನ್ಸರ್

ಎಸ್‌ಪಿಎಫ್ ಅಂದ್ರೆ ಸನ್‌ಸ್ಕ್ರೀನ್ ಕ್ರೀಮ್ ಬಿಸಿಲಿನ ಯುವಿ (ಅತಿನೇರಳೆ) ಕಿರಣದಿಂದ ಎಷ್ಟು ಕಾಪಾಡುತ್ತೆ ಅನ್ನೋ ಅಂಕಿ. ಈ ಯುವಿಯಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಸಿ ಓಜೋನ್ ಪದರದಲ್ಲೇ ನಿಂತುಬಿಡುತ್ತೆ, ಪಕ್ಕಕ್ಕಿಡಿ. ಬಿ (280–315 ನ್ಯಾನೋಮೀಟರ್) ಚರ್ಮವನ್ನು ಕೆಂಪಾಗಿಸಿ ಉರಿಸುತ್ತೆ. ಎ (315–400) ಇನ್ನೂ ಆಳಕ್ಕಿಳಿಯುತ್ತೆ, ಸಾಮಾನ್ಯ ಕಿಟಕಿ ಗಾಜನ್ನೂ ದಾಟುತ್ತೆ.

ಟ್ಯಾನ್, ಅಂದ್ರೆ ಬಿಸಿಲಿಗೆ ಮೈ ಕಪ್ಪಾಗೋದು: ಯುವಿ ಬಿದ್ದಾಗ ಚರ್ಮದ ಜೀವಕೋಶಗಳ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್‌ಗಳು (ಡಿಎನ್‌ಎಯ ಅಕ್ಷರಗಳಲ್ಲೊಂದು) ಬೆಸೆದುಕೊಳ್ಳುತ್ತವೆ. ಆ ಏಟಿಗೆ ಡಿಎನ್‌ಎಯ ಕಾವಲುಗಾರ ಪ್ರೋಟೀನ್ ಪಿ53 ಎಚ್ಚೆತ್ತು, ಹಾರ್ಮೋನ್ ಮೂಲಕ ಬಣ್ಣ ತಯಾರಿಸೋ ಮೆಲನೋಸೈಟ್ ಕೋಶಗಳಿಗೆ ಸುದ್ದಿ ಹೋಗಿ, ಎರಡು-ಮೂರು ದಿನದಲ್ಲಿ ಹೊಸ ಮೆಲನಿನ್ (ಚರ್ಮದ ಬಣ್ಣ) ಬರುತ್ತೆ. ಅಂದ್ರೆ ಮೊದಲು ಹಾನಿ, ಆಮೇಲೆ ಬಣ್ಣ. ರಿಪೇರಿಯಾಗದೆ ಉಳಿದ ಬೆಸುಗೆಗಳಿಂದ ಮ್ಯುಟೇಶನ್ (ಡಿಎನ್‌ಎಯಲ್ಲಿ ಶಾಶ್ವತ ಬದಲಾವಣೆ), ಅಲ್ಲಿಂದ ಕ್ಯಾನ್ಸರ್‌ನ ದಾರಿ. ಟ್ಯಾನ್ ಕೊಡೋ ರಕ್ಷಣೆ ಎಸ್‌ಪಿಎಫ್ 3–4ರಷ್ಟು ಮಾತ್ರ. ಟ್ಯಾನ್‌ಗಾಗಿ ಯುವಿ ದೀಪದಡಿ ಮಲಗೋ ಟ್ಯಾನಿಂಗ್ ಬೆಡ್‌ಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ತಂಬಾಕು ಇರೋ ಮೊದಲ ಗುಂಪಿಗೇ, ಅಂದ್ರೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿಗೇ, ಸೇರಿಸಿತು.

ಈಗ ತಲೆ ಕೆಡಿಸೋ ಭಾಗ, ಎಸ್‌ಪಿಎಫ್. "ಹತ್ತು ನಿಮಿಷಕ್ಕೆ ಕೆಂಪಾಗೋರು 30 ಹಚ್ಚಿದ್ರೆ 300 ನಿಮಿಷ ಓಡಾಡಬಹುದು" ಅನ್ನೋ ವಿವರಣೆ ಎಲ್ಲೆಲ್ಲೂ ಸಿಗುತ್ತೆ. ಅದು ಲ್ಯಾಬ್‌ನ ದೀಪದ ಕೆಳಗೆ ಮಾತ್ರ ಸರಿ, ಯಾಕಂದ್ರೆ ಅಲ್ಲಿ ಬೆಳಕಿನ ತೀವ್ರತೆ ಬದಲಾಗಲ್ಲ. ಲ್ಯಾಬ್‌ನವರು ಅಳೆಯೋದು ಡೋಸ್, ಅಂದ್ರೆ ಚರ್ಮದ ಮೇಲೆ ಬಿದ್ದ ಒಟ್ಟು ಯುವಿ: ಕ್ರೀಮ್ ಹಚ್ಚಿದ ಚರ್ಮ ಕೆಂಪಾಗಲು ಬೇಕಾದ ಯುವಿಯನ್ನು, ಹಚ್ಚದ ಚರ್ಮಕ್ಕೆ ಬೇಕಾದ ಯುವಿಯಿಂದ ಭಾಗಿಸ್ತಾರೆ. ಬಂದ ಭಾಗಲಬ್ಧವೇ ಎಸ್‌ಪಿಎಫ್. ಬೆಳಗ್ಗೆ ಎಂಟರ ಹತ್ತು ನಿಮಿಷದ ಡೋಸೂ ಮಧ್ಯಾಹ್ನ ಹನ್ನೆರಡರ ಹತ್ತು ನಿಮಿಷದ ಡೋಸೂ ಒಂದೇ ಅಲ್ಲ. ಜೊತೆಗೆ ಬೆವರು, ಒರೆಸಿಕೊಳ್ಳೋದು. ಹಾಗಾಗಿ ನಂಬರ್ ಎಷ್ಟೇ ಇರಲಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ನನ್ನ ಶಾರ್ಟ್‌ಕಟ್: 1ನ್ನು ಎಸ್‌ಪಿಎಫ್‌ನಿಂದ ಭಾಗಿಸಿ, ಒಳಗೆ ನುಸುಳೋ ಪಾಲು ಸಿಗುತ್ತೆ. 15ಕ್ಕೆ 6.7%, 30ಕ್ಕೆ 3.3%, 50ಕ್ಕೆ 2%. ತಡೆದದ್ದನ್ನು ನೋಡಿದ್ರೆ 30ಕ್ಕೆ ಸುಮಾರು 97%, 50ಕ್ಕೆ 98%, ಬರೀ ಒಂದರ ವ್ಯತ್ಯಾಸ. ನುಸುಳಿದ್ದನ್ನು ನೋಡಿದ್ರೆ 30ಕ್ಕಿಂತ 50ರಲ್ಲಿ 40% ಕಡಿಮೆ. ಚರ್ಮಕ್ಕೆ ಲೆಕ್ಕ ನುಸುಳಿದ್ದೇ.

ಇದೆಲ್ಲ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದ್ರೆ ಮಾತ್ರ. ವಯಸ್ಕರ ಮೈ ಸುಮಾರು 17,000 ಚದರ ಸೆಂಟಿಮೀಟರ್ ಅಂತಿಟ್ಕೊಳ್ಳಿ, ಗುಣಿಸಿದ್ರೆ 34 ಗ್ರಾಂ! 50 ಗ್ರಾಂ ಟ್ಯೂಬ್ ಎರಡು ಸಲಕ್ಕೂ ಬರಲ್ಲ. ಯಾರ ಜೇಬಿಗೂ ಆಗದ ಮಾತು. ಹಾಗಾಗಿ ನೆರಳು, ತುಂಬು ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ ಮೊದಲು, ಉಳಿದ ಜಾಗಕ್ಕೆ ಕ್ರೀಮ್. ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಶುರುವಾದ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಪ್ರಚಾರದಲ್ಲೂ ಅಂಗಿಯೇ ಮೊದಲು, ಆಮೇಲೆ ಕ್ರೀಮ್, ಟೋಪಿ.

ಎಸ್‌ಪಿಎಫ್ ಮುಖ್ಯವಾಗಿ ಬಿ ಕಿರಣದ ಅಳತೆ. ಎ ಕಿರಣಕ್ಕಾಗಿ ಲೇಬಲ್ ಮೇಲೆ 'ಬ್ರಾಡ್ ಸ್ಪೆಕ್ಟ್ರಮ್' ಅಥವಾ ಪಿಎ ಪಕ್ಕದ ಪ್ಲಸ್ ಗುರುತು ಹುಡುಕಿ. ಯುವಿ ಸೂಚ್ಯಂಕ (ಬಿಸಿಲಿನ ಯುವಿ ಎಷ್ಟು ತೀವ್ರ ಅನ್ನೋ ಅಂಕಿ) 3 ಅಥವಾ ಅದಕ್ಕಿಂತ ಹೆಚ್ಚಿದ್ರೆ ರಕ್ಷಣೆ ಬೇಕು.

ಕೊನೇದು, ನಮ್ಮಂಥ ಗಾಢ ಮೈಬಣ್ಣದವರಿಗೆ. ಮೆಲನಿನ್ ಹೆಚ್ಚಿರೋದ್ರಿಂದ ಅಪಾಯ ಕಡಿಮೆ, ನಿಜ. ಆದ್ರೆ ನಮ್ಮಲ್ಲಿ ಮೆಲನೋಮ (ಮೆಲನೋಸೈಟ್‌ಗಳ ಕ್ಯಾನ್ಸರ್) ಹೆಚ್ಚಾಗಿ ಬರೋದು ಅಂಗಾಲು, ಅಂಗೈ, ಉಗುರಿನಡಿ. ಅದಕ್ಕೂ ಬಿಸಿಲಿಗೂ ನಂಟು ತೀರಾ ಕಡಿಮೆ, ಕ್ರೀಮ್ ಅಲ್ಲಿ ಕೆಲಸಕ್ಕೆ ಬರಲ್ಲ. ಅಲ್ಲಿ ಹೊಸ ಕಪ್ಪು ಮಚ್ಚೆ ಬೆಳೀತಿದ್ರೆ, ಉಗುರಲ್ಲಿ ಕಪ್ಪು ಗೆರೆ ಅಗಲವಾಗ್ತಿದ್ರೆ ಚರ್ಮದ ಡಾಕ್ಟರಿಗೆ ತೋರಿಸಬೇಕು.